ಪದ ಮರೆಯುವ ಮೇಡಂ

ಚನ್ನಪಟ್ಟಣದಲ್ಲಿ ಜಾಝ್ ಹಾಡುವವರು ಒಬ್ಬರಿದ್ದಾರೆ ಎಂದಾಗಲೆಲ್ಲ ಜನ ನನ್ನನ್ನು ಕೇಳುವುದು ಎರಡೇ ಪ್ರಶ್ನೆ: ಯಾಕೆ, ಮತ್ತು ಯಾರಿಗೆ? ಎರಡೂ ಒಳ್ಳೆಯ ಪ್ರಶ್ನೆಗಳೇ. ಮೊದಲ ದಿನ ನಾನೂ ಅವನ್ನೇ ಕೇಳಿದ್ದೆ, ಅದೂ ಅವರ ಮುಖದೆದುರೇ, ಒಡೆದ ತಮಟೆಯಂಥ ದನಿಯಲ್ಲಿ.

ನಾನು ಅವರ ಹತ್ತಿರ ಹೋದದ್ದು ಸಂಗೀತದ ಆಸೆಯಿಂದಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಒಂದು ವಾರ ಪರ, ಮರುವಾರ ವಿರೋಧ ಎಂದು ಅರಚಿ ಅರಚಿ ಗಂಟಲು ಕೆಟ್ಟಿತ್ತು. ರಾಮನಗರದ ಡಾಕ್ಟರು ಟಾರ್ಚ್ ಬಿಟ್ಟು ನೋಡಿ, ಇದಕ್ಕೆ ಮಾತ್ರೆಗಿಂತ ತರಬೇತಿ ಬೇಕು ಎಂದು ಈ ಮೇಡಂ ವಿಳಾಸ ಕೊಟ್ಟರು. ಹೋಗಿ ನೋಡಿದರೆ ಬೊಂಬೆ ಮಾಡುವ ವರ್ಕ್‌ಶಾಪು. ಕೆಳಗೆ ಅವರ ಗಂಡ ಲೇತ್ ಯಂತ್ರದಲ್ಲಿ ಬುಗುರಿಗೆ ಅರಗಿನ ಬಣ್ಣ ಹಾಕುತ್ತಿದ್ದರು. ಮೇಲಿನ ಕೋಣೆಯಲ್ಲಿ ಜಮಖಾನೆ, ಹಳೇ ಕೀಬೋರ್ಡು, ಒಂದು ನಿಲುವುಗನ್ನಡಿ. ಕೆಳಗಿನ ಮೋಟಾರು ಒಂದೇ ಸಮನೆ ಗುಂಯ್‌ಗುಡುವುದನ್ನೇ ಮೇಡಂ ಶ್ರುತಿಪೆಟ್ಟಿಗೆ ಮಾಡಿಕೊಂಡಿದ್ದರು. ಕರೆಂಟು ಇಳಿದರೆ ಮೋಟಾರೂ ಇಳಿಯುತ್ತಿತ್ತು, ಜೊತೆಗೆ ಇಡೀ ಕ್ಲಾಸೂ.

"ಬೋರ್ಡಲ್ಲಿ ಜಾಝ್ ಅಂತ ಬರೆಸಿದ್ದೀರಲ್ಲ, ಈ ಊರಲ್ಲಿ ಯಾಕೆ? ಯಾರಿಗೆ?" ಎಂದೆ.

ಐವತ್ತರ ಆಸುಪಾಸಿನ ಹೆಂಗಸು. ಕತ್ತರಿಸಿದ ಕೂದಲು, ಇಸ್ತ್ರಿ ಕಾಣದ ಕಾಟನ್ ಸೀರೆ. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಗಂಟ್ಲು ಕಿತ್ತೋಗೈತೆ, ಆದ್ರೂ ಎರಡು ಪ್ರಶ್ನೆ. ಕೂತ್ಕೊ ಲಾಯರಮ್ಮ. ಇವತ್ತು ಮಾತಿಲ್ಲ, ಬರೀ ಉಸಿರು."

"ಮಾತಿಲ್ಲ ಅಂದ್ರೆ ಎಷ್ಟು ಹೊತ್ತು?"

"ನೋಡು, ಅಷ್ಟರಲ್ಲೇ ಸೋತೆ."

ಅವರ ಕಥೆಯನ್ನು ನಾನು ಕಂತುಗಳಲ್ಲಿ ಕೇಳಿದೆ. ಉಸಿರಿನ ಅಭ್ಯಾಸದ ನಡುವೆ ಬಾಯಿ ತೆರೆಯುವ ಹಕ್ಕು ನನಗಿರಲಿಲ್ಲ, ಅವರಿಗಿತ್ತು. ಹುಟ್ಟಿದ್ದು ಇದೇ ಊರು. ಚಿಕ್ಕಂದಿನಲ್ಲಿ ಸರಳೆವರಸೆ, ಜಂಟಿವರಸೆ. ಕಾಲೇಜಿಗೆ ದಿನವೂ ಬೆಂಗಳೂರಿನ ರೈಲು. ಅಲ್ಲಿ ಗೆಳತಿಯ ಮನೆಯಲ್ಲಿ ಒಂದು ಕ್ಯಾಸೆಟ್ಟಿನಲ್ಲಿ ಕೇಳಿದ ಹೆಣ್ಣುದನಿ ತಾಳಕ್ಕಿಂತ ಒಂಚೂರು ಹಿಂದೆ, ಬೇಕೆಂದೇ ನಿಧಾನಿಸಿ ಬರುತ್ತಿತ್ತಂತೆ. "ಮದುವೇಗೆ ತಡವಾಗಿ ಬಂದೂ ಮುಂದಿನ ಸಾಲಲ್ಲೇ ಕೂರೋ ಹೆಂಗಸಿನ ಥರ" ಎಂದರು ಮೇಡಂ. ಅಷ್ಟೇ, ಮರುಳಾದರು. ಮುಂದೆ ಎಷ್ಟೋ ವರ್ಷ ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ ವಾರಾಂತ್ಯದ ಸಂಜೆ ಜಾಝ್ ಹಾಡಿದರು. ಊರಿನಲ್ಲಿ ಮಾತ್ರ ಅದು 'ಹೋಟ್ಲಲ್ಲಿ ಕೆಲ್ಸ'. ಹಬ್ಬಕ್ಕೆ ಬಂದಾಗ ಪಕ್ಕದ ಮನೆಯವರು ಇಡ್ಲಿ ಮೆತ್ತಗಾಗಲು ಅಲ್ಲಿ ಏನು ಹಾಕುತ್ತಾರೆ ಎಂದು ಕೇಳುತ್ತಿದ್ದರಂತೆ. ಇವರು ಏನೋ ಒಂದು ಹೇಳಿಯೂ ಬಿಡುತ್ತಿದ್ದರಂತೆ.

ಹೋಟೆಲುಗಳು ಹಾಡುವವರನ್ನು ಬಿಟ್ಟು ರೆಕಾರ್ಡು ಹಾಕತೊಡಗಿದ ಮೇಲೆ, ಜೊತೆಗೆ ಪಿಯಾನೋ ನುಡಿಸುತ್ತಿದ್ದವರು ಗೋವಾಕ್ಕೆ ಹೋದರು, ಇವರು ಚನ್ನಪಟ್ಟಣಕ್ಕೆ ಬಂದರು. ದನಿ ಕೆಟ್ಟ ಶಾಲಾ ಟೀಚರುಗಳು, ಹೆದ್ದಾರಿಯಲ್ಲಿ ಬಸ್ಸುಗಳಿಗೆ ಕೂಗಿ ಬೊಂಬೆ ಮಾರುವವರು, ಪೌರಾಣಿಕ ನಾಟಕದಲ್ಲಿ ಗದೆ ಎತ್ತಿ ಅಬ್ಬರಿಸುವ ಗೌಡರು, ಇವರೆಲ್ಲ ಪಾಠಕ್ಕೆ ಬರುತ್ತಿದ್ದರು. ಆದರೆ ನಿಂತು ಹಾಡಲು ಉಳಿದಿದ್ದ ವೇದಿಕೆ ಒಂದೇ: ರಾಮನಗರದ ಒಂದು ಮದುವೆ ಆರ್ಕೆಸ್ಟ್ರಾ. ಅದನ್ನು ನಡೆಸುತ್ತಿದ್ದವರು ಬಿಳಿ ಶೂ ಹಾಕುವ ಕೀಬೋರ್ಡ್ ಮಾಸ್ತರು. ಸಿನಿಮಾದಲ್ಲಿ ಹೇಗಿದೆಯೋ ಹಾಗೇ ಹಾಡಬೇಕೆಂಬುದು ಅವರ ಏಕೈಕ ಸಿದ್ಧಾಂತ.

ಜಾಝ್ ಎಂದರೇನು ಎಂದು ನಾನು ಪೀಡಿಸಿದಾಗ ಮೇಡಂ ಕೊಟ್ಟ ವಿವರಣೆ ಸರಳವಾಗಿತ್ತು. ಎಲ್ಲರಿಗೂ ಗೊತ್ತಿರುವ ಹಾಡನ್ನು ಮೊದಲು ನೆಟ್ಟಗೆ ಹಾಡಬೇಕು. ಆಮೇಲೆ ಪದ ಬಿಟ್ಟು, ಬರೀ ದನಿಯಲ್ಲಿ 'ದಬಾದೂ ದಿರಿರಿ' ಎಂದು ಹೊರಟುಬಿಡಬೇಕು. ಎಲ್ಲಿ ಬೇಕಾದರೂ ಅಲೆಯಬಹುದು, ಸರಿಯಾದ ಹೊತ್ತಿಗೆ ಮನೆ ಸೇರಬೇಕು. ದಾರಿಯಲ್ಲಿ ಜೊತೆಯವರು ಸಿಕ್ಕಿ ಮಾತಾಡಿಸಿದರೆ ಅಲ್ಲೇ ಉತ್ತರ ಕೊಡಬೇಕು.

"ಇದು ನಮ್ಮ ಸಂಗೀತದಲ್ಲೂ ಇದೆಯಲ್ಲ, ಸ್ವರ ಹಾಕೋದು? ಆಮದು ಯಾಕೆ?"

"ಐತೆ. ಆದ್ರೆ ಅಲ್ಲಿ ಎಡವಿದ್ರೆ ಗುರುಗಳು ಬೈತಾರೆ. ಇಲ್ಲಿ ಎಡವಿದ್ರೆ ಇನ್ನೊಂದ್ಸಲ ಅಂಗೇ ಎಡವಿ, ಬೇಕಂತ್ಲೇ ಮಾಡ್ದೆ ಅನ್ನಬೋದು."

"ಇದು ಕಲೆಯಲ್ಲ, ಮೊಂಡುವಾದ."

"ಅದಕ್ಕೇ ನಿಂಗೆ ಒಗ್ಗತ್ತೆ ಅಂತಿರೋದು."

ಇದನ್ನು ನಮ್ಮ ಜನಕ್ಕೆ ಕೇಳಿಸಿದರೆ ಖಂಡಿತ ಒಪ್ಪುತ್ತಾರೆ ಎಂಬುದು ಅವರ ವಾದ. ಪುರಾವೆ ಏನು ಎಂಬುದು ನನ್ನದು. ಒಮ್ಮೆ ಪ್ರಯತ್ನಿಸಿದ್ದರಂತೆ, ಕನಕಪುರದ ಒಂದು ಆರತಕ್ಷತೆಯಲ್ಲಿ. ಪದ ಬಿಟ್ಟು ಎರಡು ಹೆಜ್ಜೆ ಹೋಗುವಷ್ಟರಲ್ಲಿ ಮಾಸ್ತರು ಮೈಕ್ ಆಫ್ ಮಾಡಿ, "ತಾಂತ್ರಿಕ ತೊಂದರೆಗಾಗಿ ಕ್ಷಮೆ ಇರಲಿ" ಎಂದು ಘೋಷಿಸಿದ್ದರು. ಆಮೇಲೆ ಇವರನ್ನು ಪಕ್ಕಕ್ಕೆ ಕರೆದು, ಇನ್ನೊಂದು ಸಲ ಆ ಡುಬುಡುಬು ಶುರುಮಾಡಿದರೆ ಆರ್ಕೆಸ್ಟ್ರಾಗೆ ಬರುವುದೇ ಬೇಡ ಎಂದಿದ್ದರು.

"ಹಾಗಾದ್ರೆ ಕನಕಪುರದ ಜನ ನಿಮ್ಮ ಜಾಝ್ ತಿರಸ್ಕರಿಸಲಿಲ್ಲ, ಅವರಿಗೆ ಕೇಳಿಸಲೇ ಇಲ್ಲ. ಮೈಕ್ ಇಲ್ಲದ ಪ್ರಯೋಗದಿಂದ ಯಾವ ತೀರ್ಮಾನಕ್ಕೂ ಬರೋಕಾಗಲ್ಲ. ಇನ್ನೊಮ್ಮೆ ಮಾಡಬೇಕು."

"ಮಾಡಿದ್ರೆ ಇರೋ ಒಂದು ಸ್ಟೇಜೂ ಹೋಯ್ತದೆ ಕಣಮ್ಮ. ನಿಂದೇನು ಹೋಯ್ತದೆ?"

ನನ್ನದೇನೂ ಹೋಗುತ್ತಿರಲಿಲ್ಲ. ಆದರೆ ವಾದ ಮಾಡುವವರಿಗೆ ನಷ್ಟವಿಲ್ಲ ಎಂಬುದು ವಾದದ ದೋಷವಲ್ಲ ಎಂದು ವಿವರಿಸಿದೆ. ಮೇಡಂ ನನಗೆ ಇನ್ನಷ್ಟು ಉಸಿರಿನ ಅಭ್ಯಾಸ ಕೊಟ್ಟರು.

ಗಂಟಲು ಹಿಡಿತಕ್ಕೆ ಬಂದ ಮೇಲೆ ನಾನೇ ಆರ್ಕೆಸ್ಟ್ರಾದ ನಿರೂಪಕಿಯಾಗಿ ಸೇರಿಕೊಂಡೆ. ಮೇಡಂ ಶಿಫಾರಸು. ವಧೂವರರನ್ನು ಹೊಗಳುವುದು ಚರ್ಚಾಪಟುಗಳಿಗೆ ಕಷ್ಟವಲ್ಲ. ಗೊತ್ತಿಲ್ಲದ ವಿಷಯದ ಪರವಾಗಿ ಮಾತಾಡುವುದೇ ನಮ್ಮ ತರಬೇತಿ. ಹೀಗಾಗಿ ಅಕ್ಕೂರಿನ ಬೀಗರ ಊಟದ ದಿನ ನಾನು ವೇದಿಕೆಯ ಮೇಲೇ ಇದ್ದೆ.

ಮದುವೆಯಾದ ಮೇಲೆ ಬೀಗರಿಗೆ ಹಾಕುವ ಬಾಡೂಟ ಅದು. ಮಧ್ಯಾಹ್ನದ ಬಿಸಿಲು, ಶಾಮಿಯಾನದ ಹಿಂದಿನಿಂದ ಮಸಾಲೆಯ ಘಮ. ಮುಂದಿನ ಕುರ್ಚಿಗಳಲ್ಲಿ ಎಲೆಅಡಿಕೆ ಹಾಕಿಕೊಂಡ ಹೆಂಗಸರ ಸಾಲು. ಹಿರಿಯರಿಗಾಗಿ ಒಂದು ಸೋಬಾನೆ ಪದ ಇರಲಿ ಎಂದು ಮನೆಯವರು ಕೇಳಿದರು. ಮಾಸ್ತರು ಮೇಡಂ ಕಡೆ ಕೈ ತೋರಿಸಿದರು. ಮೇಡಂ ನನ್ನ ಕಡೆ ನೋಡಿದರು. ಆ ನೋಟ ನನಗಿಷ್ಟವಾಗಲಿಲ್ಲ. ಎದುರಾಳಿ ಸಿದ್ಧವಾಗಿ ಬಂದಿದ್ದಾನೆಂದು ಗೊತ್ತಾದಾಗ ಆಗುವ ಹಾಗಾಯಿತು.

"ಹೊಸಿಲ ದಾಟಿ ಬಾರವ್ವ, ಬೆಳಕ ಹೊತ್ತು ತಾರವ್ವ." ಎರಡು ನುಡಿ ನೆಟ್ಟಗೆ ಹಾಡಿದರು. ಹೆಂಗಸರು ತಲೆದೂಗಿದರು. ಮೂರನೆಯ ನುಡಿಯಲ್ಲಿ 'ಹೊಸಿಲ' ತನಕ ಬಂದ ಮೇಡಂ ಒಳಗೆ ಹೋಗಲೇ ಇಲ್ಲ. 'ದಬಾ ದೂ ದಿರಿರೀ' ಎಂದು ಬೀದಿಗೆ ತಿರುಗಿಬಿಟ್ಟರು.

ಮುಂದಿನ ಸಾಲಿನಲ್ಲಿ ಎಲೆಅಡಿಕೆ ಜಗಿಯುವುದು ನಿಂತಿತು.

"ಅಯ್ಯೋ, ಪದ ಮರ್ತ್ಬುಟ್ಲು ಕಣಕ್ಕ, ಪಾಪ!"

ಇಲ್ಲೊಂದು ಪದ್ಧತಿ ಹೇಳಬೇಕು. ನಮ್ಮ ಕಡೆ ಸೋಬಾನೆಯನ್ನು ಒಬ್ಬರು ಹೇಳಿ, ಉಳಿದವರು ಅದನ್ನೇ ಎತ್ತಿ ಹಾಡುತ್ತಾರೆ. ಮದುಮಗಳ ಮುಂದೆ ಪದ ನಡುವೆ ನಿಲ್ಲುವುದು ಅಪಶಕುನ. ಹೇಳುವವರಿಗೆ ಮರೆತುಹೋದರೆ, ಗೊತ್ತಿರುವವರು ಆ ಕ್ಷಣವೇ ಸಾಲನ್ನು ಎತ್ತಿಕೊಡಬೇಕು. ಇದು ಸಹಾಯವಲ್ಲ, ಕರ್ತವ್ಯ. ಆ ಹೆಂಗಸರು ಕರ್ತವ್ಯ ಮಾಡಿದರು. "ಹೊಸಿಲ ದಾಟಿ ಬಾರವ್ವ!" ಎಂದು ಮುಂದೆ ಕೂತವರೆಲ್ಲ ಒಟ್ಟಿಗೆ ಎತ್ತಿಕೊಟ್ಟರು.

ಮೇಡಂ ಕಣ್ಣುಗಳು ಅಗಲವಾದವು. ಸಾಲನ್ನು ತೆಗೆದುಕೊಂಡರು, ಅರ್ಧ ಹೇಳಿದರು, ಮತ್ತೆ ಬೀದಿಗೆ ಇಳಿದರು. ಹೆಂಗಸರು ಮತ್ತೆ ಎತ್ತಿಕೊಟ್ಟರು, ಈ ಸಲ ಕಿವುಡರಿಗೆ ಹೇಳುವಷ್ಟು ಜೋರಾಗಿ. ಮೇಡಂ ಅವರ ದನಿಯ ಕೊನೆಯ ಎಳೆ ಹಿಡಿದು ಇನ್ನೂ ದೂರ ಹೋದರು. ಮಾಸ್ತರು ಮೈಕ್ ಆಫ್ ಮಾಡಿದರು. ಪ್ರಯೋಜನವಾಗಲಿಲ್ಲ. ಆ ಹೆಂಗಸರಿಗೆ ಮೈಕ್ ಯಾವತ್ತೂ ಬೇಕಾಗಿರಲಿಲ್ಲ, ಮೇಡಂ ಅದನ್ನು ಕೆಳಗಿಟ್ಟು ಅವರ ಹತ್ತಿರಕ್ಕೇ ಬಂದು ನಿಂತರು. ಒಬ್ಬ ಅಜ್ಜಿಯಂತೂ ಎದ್ದು ಬಂದು ಕಿವಿಯಲ್ಲೇ ಪದ ಹೇಳಿಕೊಟ್ಟರು. ಹಾಡು ಸರಿಯಾದ ಜಾಗದಲ್ಲಿ ಮುಗಿದಾಗ ಮದುವೆಯನ್ನು ಉಳಿಸಿದ ತೃಪ್ತಿ ಎಲ್ಲರ ಮುಖದಲ್ಲೂ ಇತ್ತು.

"ಬೇಜಾರ್ ಮಾಡ್ಕೊಬ್ಯಾಡ ಕಣವ್ವ, ವಯಸ್ಸಾದ್ಮೇಲೆ ಎಲ್ರುಗೂ ಅಂಗೇಯ" ಎಂದರು ಅಜ್ಜಿ, ಮೇಡಂಗಿಂತ ಮೂವತ್ತು ವರ್ಷಕ್ಕೆ ದೊಡ್ಡವರು. "ಬೆಳಿಗ್ಗೆ ಎದ್ದು ಒಸಿ ಬಾದಾಮಿ ತಿನ್ನು."

ವ್ಯಾನಿನಲ್ಲಿ ಮಾಸ್ತರು ಮೊದಲು ಬಿಳಿ ಶೂ ಬಿಚ್ಚಿದರು, ಆಮೇಲೆ ಮೇಡಂ ಅವರನ್ನು ತೆಗೆದುಹಾಕಿದರು.

"ನಾಳೆಯಿಂದ ಬರಬೇಡಿ ಮೇಡಂ. ಮರ್ತೋಗೋ ಸಿಂಗರ್ ಇಟ್ಕೊಂಡವ್ನೆ ಅಂತ ಯೆಸ್ರಾಯ್ತದೆ ನಂಗೆ."

"ಅವರು ಮರೆತಿಲ್ಲ," ಎಂದೆ ನಾನು. "ಮರೆವು ಅಂದರೆ ಗೊತ್ತಿದ್ದದ್ದು ನೆನಪಾಗದಿರೋದು. ಇಲ್ಲಿ—"

"ಜನ ಅಂಗಂದ್ಕಂಡ್ರಲ್ಲ, ಅಷ್ಟು ಸಾಕು. ನೀನು ಒಸಿ ಸುಮ್ಕಿರಮ್ಮ."

ಮೇಡಂ ಕಿಟಕಿಯ ಕಡೆ ತಿರುಗಿ ಕೂತಿದ್ದರು. ಅಳುತ್ತಿದ್ದಾರೆಂದುಕೊಂಡೆ. ಬಗ್ಗಿ ನೋಡಿದರೆ ತುಟಿ ಅಲ್ಲಾಡುತ್ತಿತ್ತು. ಆ ಹೆಂಗಸರು ಎತ್ತಿಕೊಟ್ಟ ಸಾಲನ್ನು ಮೆಲ್ಲಗೆ ಗುನುಗುತ್ತಿದ್ದರು. "ಗೋವಾಕ್ಕೆ ಹೋದೋನ್ ಬಿಟ್ರೆ," ಎಂದರು ನನ್ನ ಕಡೆ ತಿರುಗದೆ, "ಇವತ್ತೇ ಕಣೆ, ನಂಗೆ ಯಾರೋ ಮಾರುತ್ತರ ಕೊಟ್ಟಿದ್ದು."

ಆ ಹೆಂಗಸರು ಅರ್ಥಮಾಡಿಕೊಂಡು ಕೊಟ್ಟದ್ದಲ್ಲ ಎಂದು ಹೇಳಲು ಬಾಯಿ ತೆರೆದೆ. ಉಸಿರಿನ ಅಭ್ಯಾಸ ಉಪಯೋಗಕ್ಕೆ ಬಂತು, ಮುಚ್ಚಿಕೊಂಡೆ.

ಆರ್ಕೆಸ್ಟ್ರಾದಲ್ಲಿ ಮೇಡಂ ಜಾಗಕ್ಕೆ ಬೆಂಗಳೂರಿನ ಹುಡುಗಿಯೊಬ್ಬಳು ಬಂದಳು. ಒಂದಕ್ಷರ ತಪ್ಪುತ್ತಿರಲಿಲ್ಲ. ಮೇಡಂ ಪಾಠ ಮುಂದುವರಿಸಿದರು, ಆದರೆ ಮೋಟಾರು ನಿಂತರೂ ಗಮನಿಸುತ್ತಿರಲಿಲ್ಲ. ಒಂದು ದಿನ ಪಾಠದ ನಡುವೆ ಮೆಟ್ಟಿಲ ಮೇಲೆ ಬಿಳಿ ಶೂ ಕಾಣಿಸಿತು.

"ಮಾಗಡಿ ಕಡೆ ಗುಡೇಮಾರನಹಳ್ಳೀಲಿ ಒಂದು ಪ್ರೋಗ್ರಾಂ ಮೇಡಂ," ಮಾಸ್ತರು ಜಮಖಾನೆಯ ತುದಿಯಲ್ಲಿ ಕೂತರು. "ಅಕ್ಕೂರೋರ ಸಂಬಂಧಿಕ್ರು. ಪದ ಮರ್ಯೋ ಮೇಡಂ ಬಂದ್ರೆ ಮಾತ್ರ ಬುಕ್ ಮಾಡ್ತೀವಿ ಅಂತವ್ರೆ. ಅವತ್ತು ಬೋ ಚೆನ್ನಾಗಿತ್ತಂತೆ, ಎಲ್ರೂ ಸೇರಿ ಹಾಡ್ಸಿದ್ವಿ ಅಂತ ಹೇಳ್ಕಂಡು ತಿರುಗ್ತವ್ರಂತೆ."

"ನಾನು ಮರೆತಿರಲಿಲ್ಲ ಮಾಸ್ತರೇ."

"ಅಯ್ಯೋ, ಅದ್ನ ಅವರಿಗೆ ಯೋಳ್ಬೇಡಿ!"

ಇದು ಮೋಸ, ಇಲ್ಲದ ಗುಣಕ್ಕೆ ಸಿಕ್ಕ ಕರೆ, ಒಪ್ಪಬಾರದು ಎಂದು ನಾನು ವಾದ ಹೂಡಿದೆ. ಮೇಡಂ ನನ್ನನ್ನು ಕೈಸನ್ನೆಯಲ್ಲೇ ಕೂರಿಸಿ ಮಾಸ್ತರಿಗೆ ಒಂದೇ ಷರತ್ತು ಹಾಕಿದರು: ಹಾಡುವಾಗ ತಮ್ಮ ಮೈಕ್ ಮುಟ್ಟುವ ಹಾಗಿಲ್ಲ. ಮಾಸ್ತರು ಒಪ್ಪಿದರು. ಆರ್ಕೆಸ್ಟ್ರಾದ ಜಾಗ ವಾಪಸು ಬಂತೋ ಇಲ್ಲವೋ ಎಂಬುದು ಆ ಒಂದು ದಿನದ ಮೇಲೆ ನಿಂತಿತ್ತು. ಗುಡೇಮಾರನಹಳ್ಳಿಯವರು ಮೆಚ್ಚಿದರೆ ಉಂಟು, ಇಲ್ಲದಿದ್ದರೆ ಬೆಂಗಳೂರಿನ ಹುಡುಗಿ.

ಗುಡೇಮಾರನಹಳ್ಳಿಯಲ್ಲಿ ಹೆಂಗಸರು ನಾವು ಮೈಕ್ ಜೋಡಿಸುವ ಮೊದಲೇ ಮುಂದಿನ ಸಾಲು ಹಿಡಿದಿದ್ದರು. ಗಂಟಲು ಸರಿಮಾಡಿಕೊಳ್ಳುತ್ತ, ಮೊಣಕೈಯಲ್ಲಿ ತಿವಿದುಕೊಳ್ಳುತ್ತ ಕಾಯುತ್ತಿದ್ದರು. ಮೇಡಂ ಅದೇ ಸೋಬಾನೆ ಎತ್ತಿಕೊಂಡರು. ಮೊದಲ ನುಡಿ ನೆಟ್ಟಗೆ. ಎರಡನೆಯದೂ ನೆಟ್ಟಗೆ. ಮೂರನೆಯದು ಇನ್ನೂ ನೆಟ್ಟಗೆ. ಮುಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು.

"ಇದೇನಮ್ಮಿ, ಇವಳಿಗೆ ಎಲ್ಲಾ ಬತ್ತದೆ!"

"ಇವಳಲ್ಲ ಕಣೆ ಅವಳು, ಬ್ಯಾರೆಯೋಳ್ನ ಕರ್ಕಬಂದವ್ರೆ."

ಕೀಬೋರ್ಡಿನ ಹಿಂದಿನಿಂದ ಮಾಸ್ತರು ಬೆವರುತ್ತ ಪಿಸುಗುಟ್ಟಿದರು: "ಮೇಡಂ, ನಿಮ್ ದಮ್ಮಯ್ಯ, ಒಸಿ ಮರ್ತೋಗಿ!"

ಮೇಡಂ ಮರೆಯಲಿಲ್ಲ. ಹೇಳಿ ಮಾಡಿಸುವ ಅಲೆದಾಟ ಅಲೆದಾಟವೇ ಅಲ್ಲ ಎಂಬುದು ಅವರ ಹಟ. ಇದನ್ನು ನಾನು ಮೊದಲ ಬಾರಿಗೆ ಪೂರ್ತಿ ಒಪ್ಪಿದೆ, ಅತ್ಯಂತ ಕೆಟ್ಟ ಹೊತ್ತಿನಲ್ಲಿ. ವೇದಿಕೆ ಕೈತಪ್ಪುತ್ತಿರುವುದು ನನಗೆ ಕಾಣುತ್ತಿತ್ತು.

ಆಗ ಸಾಲಿನ ನಡುವಿನಿಂದ ಒಬ್ಬ ಮುದುಕಿ ಎದ್ದರು. ಬಾಯಲ್ಲಿದ್ದ ಎಲೆಅಡಿಕೆಯನ್ನು ದವಡೆಗೆ ಸರಿಸಿ, ಮುಂದಿನ ನುಡಿಯನ್ನು ತಾವೇ ಹಿಡಿದರು. ಒಳ್ಳೆಯ ಗಟ್ಟಿದನಿ. ಹೊಸಿಲ ತನಕ ಬಂದು ನಿಂತರು. ಮೇಡಂನ ಮುಖ ನೋಡಿದರು. ಆಮೇಲೆ, ತೀರ ನಾಚಿಕೆಯಿಲ್ಲದೆ, "ತಂದನಾನಾ... ತಾನೋ ತಂದನಾ..." ಎಂದು ಹೊರಟರು. ತಾಳಕ್ಕಿಂತ ಒಂಚೂರು ಹಿಂದೆಯೇ. ದೂರ ಹೋಗಿ, ಸೊಂಟದ ಮೇಲೆ ಕೈಯಿಟ್ಟು ನಿಂತರು.

"ನಂಗ್ ಮರ್ತೋಯ್ತು ಕಣವ್ವ. ನೀನೇ ಎತ್ಕೊಡು."

ಸಾಲೆಲ್ಲ ಬಿದ್ದು ಬಿದ್ದು ನಕ್ಕಿತು. ಮೇಡಂ ತಾವೂ ನಗುತ್ತಲೇ ಸಾಲನ್ನು ಎತ್ತಿಕೊಟ್ಟರು. ಮುದುಕಿ ಅದನ್ನು ತೆಗೆದುಕೊಂಡು ಇನ್ನೊಂದು ಕಡೆ ಓಡಿದರು. ಮೇಡಂ 'ದಬಾ ದೂ' ಎಂದು ಬೆನ್ನಟ್ಟಿದರು. ಪಕ್ಕದವಳು ನಡುವೆ ನುಗ್ಗಿ ತಾನೂ ಮರೆತಳು. ಯಾವ ರಾಗ ಹಿಡಿಯಬೇಕೆಂದು ತಿಳಿಯದ ಮಾಸ್ತರು ಕೀಬೋರ್ಡಿನ ಒಂದೇ ಮನೆಯನ್ನು ಒತ್ತಿ ಹಿಡಿದು ಕೂತರು. ಪುಣ್ಯಕ್ಕೆ ಅದು ಸರಿಯಾದ ಮನೆಯಾಗಿತ್ತು.

ಇದು ಜಾಝ್ ಹೌದೇ ಎಂದು ಕೇಳಿದರೆ ನಾನು ಎರಡೂ ಕಡೆ ವಾದ ಮಾಡಬಲ್ಲೆ. ಅಷ್ಟರಲ್ಲಿ ಶಾಮಿಯಾನದ ಹಿಂದಿನಿಂದ ಅಡುಗೆಯವನು ಬಂದು ಪಂಕ್ತಿಗೆ ಎಲೆ ಹಾಕಿದೆ, ಮಾಂಸದ ಸಾರು ಬಿಸಿ ಇದೆ, ಎಲ್ಲರೂ ಏಳಬೇಕು ಎಂದು ಕೂಗಿದ. ಮುಂದಿನ ಸಾಲಿನಲ್ಲಿ ಯಾರೂ ಏಳಲಿಲ್ಲ.

"ಇರ್ಲಾ ಅತ್ಲಾಗೆ," ಎಂದರು ಮುದುಕಿ ಅವನ ಕಡೆ ತಿರುಗದೆ, ಮೇಡಂ ಕಡೆ ಕೈ ತೋರಿಸಿ. "ಇವಳು ಈಗ ತಾನೇ ಮರ್ಯಕ್ ಶುರು ಮಾಡವ್ಳೆ."