‘ಸ್’ ತೆಗೆದರೆ ಮರ್ಯಾದೆ

ಗಂಗಾವತಿಯಿಂದ ಆನೆಗೊಂದಿಗೆ ಹೋಗುವ ದಾರಿಯಲ್ಲಿ ಹುಲಿಗೆಮ್ಮನ ಮಿರ್ಚಿ ಅಂಗಡಿಯಿದೆ. ಸ್ಪೇನಿನ ಪ್ರವಾಸಿಗಳು ಆಕೆಗೆ ಒಂದು ವಾಕ್ಯ ಕಲಿಸಿದ್ದರು: ‘ಕೇ ಕಿಯೆರೆಸ್?’ ಎಂದರೆ ‘ನಿನಗೇನು ಬೇಕು?’ ಕೊನೆಯ ‘ಸ್’ ತೆಗೆದರೆ ಅದು ‘ನಿಮಗೇನು ಬೇಕು?’ ಆಗುತ್ತದೆ ಎಂದು ಗೈಡ್ ಒಬ್ಬರು ಹೇಳಿದ್ದು ನಿನ್ನೆ. ಅಷ್ಟರಲ್ಲಿ ಆ ದೇಶದ ಅಜ್ಜಿಯೊಬ್ಬರನ್ನು ಹುಲಿಗೆಮ್ಮ ‘ಸ್’ ಸಮೇತ ಕೇಳಿಯಾಗಿತ್ತು.

“ನಾವು ‘ರೀ’ ಹಚ್ಚಿ ಮರ್ಯಾದಿ ಕೊಡ್ತೀವಿ, ಅವ್ರು ತಗದು ಕೊಡ್ತಾರಂತ್ರಿ! ಅಷ್ಟು ಹಿರೇರಿಗೆ ‘ನೀ’ ಅಂದುಬಿಟ್ಟೆ. ಇನ್ನ ಬರ್ತಾರೋ ಇಲ್ಲೋ,” ಎಂದು ಮಿರ್ಚಿ ತಿನ್ನಲು ಹೋಗಿದ್ದ ನನ್ನ ಮುಂದೆ ಹುಲಿಗೆಮ್ಮ ಪೇಚಾಡಿದರು.

ಅಜ್ಜಿ ಬಂದರು. ಹುಲಿಗೆಮ್ಮ ಸೆರಗಿಗೆ ಕೈ ಒರೆಸಿಕೊಂಡು, “ಕೇ ಕಿಯೆರೆ?” ಎಂದರು.

ಅಜ್ಜಿ ನಕ್ಕು ತಲೆಯಾಡಿಸಿ ತಿದ್ದಿದರು: “ಕಿಯೆರೆಸ್.”

“ನಮ್ಮವ್ವಗೂ ನಾ ‘ನೀ’ ಅಂತೀನ್ರಿ,” ಎಂದು ನನಗೆ ಹೇಳಿದ ಹುಲಿಗೆಮ್ಮ, ಏನು ಬೇಕೆಂದು ಮತ್ತೆ ಕೇಳದೆ ಅಜ್ಜಿಯ ತಟ್ಟೆಗೆ ಬಿಸಿ ಮಿರ್ಚಿ ಹಾಕಿದರು.