ನಾನು ತೋರಿಸಿದ ಬೆರಳುಗಳು

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಪುಣೆಯ ಖಡಕಿಯಲ್ಲಿದ್ದೆವು. ಅಣ್ಣ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತ, ನಾನು ಬಿ.ಎಸ್ಸಿ. ಕೊನೆಯ ವರ್ಷ. ಕ್ಷಯಕ್ಕೆ ತೆಗೆದುಕೊಂಡ ಮಾತ್ರೆಯೊಂದು ಅವನ ಎರಡೂ ಕಣ್ಣಿನ ನರಗಳಿಗೆ ಪೆಟ್ಟು ಕೊಟ್ಟಿತು. ಕಣ್ಣಿನ ಡಾಕ್ಟರು ಆ ಮಾತ್ರೆ ನಿಲ್ಲಿಸಿ, ನರ ಎಷ್ಟು ಚೇತರಿಸಿಕೊಳ್ಳುತ್ತದೋ ಕಾದು ನೋಡಬೇಕು ಎಂದರು. ಅಕ್ಯುಪಂಕ್ಚರ್ ಮಾಡಿಸಬಹುದೇ ಎಂದು ನಾನೇ ಕೇಳಿದೆ. ಮಾಡಿಸಿ, ಆದರೆ ತಪಾಸಣೆ ತಪ್ಪಿಸಬೇಡಿ, ಅವನೊಬ್ಬನನ್ನೇ ರಸ್ತೆಗೆ ಬಿಡಬೇಡಿ ಎಂದರು.

ವಾರಕ್ಕೆರಡು ಸಲ ಕರೆದೊಯ್ಯುತ್ತಿದ್ದೆ. ಹುಬ್ಬಿನ ತುದಿಯಲ್ಲಿ, ಕತ್ತಿನ ಹಿಂದೆ, ಕೈಯಲ್ಲಿ ಕೂದಲೆಳೆಯಂಥ ಸೂಜಿಗಳು. "ಮುಳ್ಳಹಂದಿ ಹಂಗ ಕಾಣತೀನೇನ?" ಎಂದು ಅವನೇ ನಗಿಸುತ್ತಿದ್ದ. ಮನೆಗೆ ಬಂದು ಕಿಟಕಿಯ ಬಳಿ ಕೂರಿಸಿ, ಮೂರು ಸಲ ಬೆರಳು ತೋರಿಸಿ ಎಷ್ಟೆಂದು ಕೇಳುತ್ತಿದ್ದೆ. ಮೊದಮೊದಲು ತಪ್ಪು ಹೇಳಿದ. ಒಂದೂವರೆ ತಿಂಗಳಾದ ಮೇಲೆ ಮೂರೂ ಸಲ ಸರಿ ಹೇಳಿದ. ಅವ್ವ ನೆರೆಮನೆಗಳಿಗೆ ಪೇಡೆ ಹಂಚಿದಳು.

ಆ ವಾರವೇ, ಬಸ್ಸಿಳಿದ ಮೇಲೆ, ರಸ್ತೆಯ ಅಂಚಿನಲ್ಲಿ ಅವನ ಕೈ ಬಿಟ್ಟೆ. ಬಿಡು ಎಂದು ಅವನು ಕೇಳಿರಲಿಲ್ಲ.

"ನೀನ ದಾಟಿ ನೋಡಣ್ಣ. ನಾ ಹಿಂದನ ಇರ್ತೀನಿ."

ಒಂದು ಗಳಿಗೆ ನಿಂತು, ಹೆಜ್ಜೆ ಇಟ್ಟ. ಲಾರಿ ಬ್ರೇಕು ಹಾಕಿದ ಸದ್ದು. ಅಂಗಿ ಹಿಡಿದು ಎಳೆದೆ. ಅದು ಕಂಕುಳಲ್ಲಿ ಪರ್ರನೆ ಹರಿಯಿತು. ಬಂಪರ್ ಅವನ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿತ್ತು. ಆ ಗೇಣನ್ನು ನಾನು ಇವತ್ತಿಗೂ ಅಳೆಯುತ್ತಲೇ ಇದ್ದೇನೆ.

"ಆಂಧಳಾ ಆಹೇಸ್ ಕಾ ರೇ?" ಕುರುಡನೇನೋ ಎಂದು ಡ್ರೈವರ್ ಮರಾಠಿಯಲ್ಲಿ ಬೈದ.

"ಹೋ" ಎಂದ ಅಣ್ಣ, ಮೆಲ್ಲಗೆ. ಹೌದು ಎಂದು.

ಫುಟ್‌ಪಾತಿನ ಮೇಲೆ ಕೂತು ಕೇಳಿದೆ: "ಮತ್ತ ಬೆರಳು ಹೆಂಗ ಹೇಳಿದಿ?"

"ಪ್ರತಿ ಸಲ ನೀ ಎರಡು, ಐದು, ಮೂರನ ತೋರಸ್ತಿದ್ದಿ. ತಪ್ಪು ಹೇಳಿದ್ರ ಊಟಾ ಬಿಟ್ಟು ಕೂಡತಿದ್ದಿ, ತಂಗಿ."

"ಕಾಣದಿದ್ರ ದಾಟಾಕ ಯಾಕ ಹೋದಿ?"

"ಹಿಂದ ಇರ್ತೀನಿ ಅಂದಿದ್ಯಲ್ಲ."

ಒಂದೇ ಅಳತೆಯನ್ನು ನಂಬಬಾರದೆಂದು ಕಾಲೇಜಿನ ಪ್ರಯೋಗಾಲಯದಲ್ಲಿ ಮೂರು ವರ್ಷ ಕಲಿತವಳು ನಾನು. ಬೆರಳಿನ ಕ್ರಮ ಬದಲಿಸುವುದು ಹೊಳೆಯಲಿಲ್ಲ ಎಂದು ಎಲ್ಲರಿಗೂ ಹೇಳಿದ್ದೇನೆ. ಹೊಳೆದಿತ್ತು. ಧೈರ್ಯವಾಗಲಿಲ್ಲ.

ಸೂಜಿ ಹಾಕಿಸಿಕೊಂಡ ದಿನ ಚೆನ್ನಾಗಿ ನಿದ್ದೆ ಬರುತ್ತದೆಂದು ಅವನು ಇನ್ನೂ ಕೆಲವು ತಿಂಗಳು ಹೋದ. ದೃಷ್ಟಿ ಮಾತ್ರ ಅಷ್ಟಕ್ಕೇ ನಿಂತಿತು. ಆಗ ಕರೆದೊಯ್ಯುತ್ತಿದ್ದವಳು ಅವ್ವ. ನಾನು ಚಪ್ಪಲಿ ಮೆಟ್ಟಿ ಬಾಗಿಲಿಗೆ ಬಂದರೆ, "ಪರೀಕ್ಷಾ ಹತ್ರ ಬಂತು, ನೀ ಓದ್ಕೋ" ಎನ್ನುತ್ತಿದ್ದ. ದನಿಯಲ್ಲಿ ಸಿಟ್ಟಿರುತ್ತಿರಲಿಲ್ಲ. ಪರೀಕ್ಷೆ ಮುಗಿದ ಮೇಲೂ ಹಾಗೆಯೇ ಅಂದ.