ಕಟ್ಟೆಚ್ಚರದ ದಿನ ಅಪ್ಪನ ಸಹಿ

ದೇಶದಲ್ಲಿ ಎಲ್ಲಾದರೂ ಬಾಂಬು ಸಿಡಿದರೆ ಮೊದಲ ಫೋನು ಹೋಗುತ್ತಿದ್ದದ್ದು ಮಂತ್ರಿಗಳ ಮನೆಗೋ ನಮ್ಮ ಮನೆಗೋ ಎಂಬ ಅನುಮಾನ ನನಗೆ ಇವತ್ತಿಗೂ ಇದೆ. ಟೀವಿಯಲ್ಲಿ ಕೆಂಪು ಪಟ್ಟಿ ಓಡತೊಡಗಿ, ‘ರಾಜ್ಯಾದ್ಯಂತ ಕಟ್ಟೆಚ್ಚರ’ ಎಂಬ ಸಾಲು ಬರುವಷ್ಟರಲ್ಲಿ ಅಪ್ಪನ ಮೊಬೈಲು ಕೂಗಿಕೊಳ್ಳುತ್ತಿತ್ತು. ಆ ಕಡೆ ಪೇದೆ. “ತಾತ, ಸ್ಟೇಷನ್ ಕಡೆ ಬಂದು ಒಂದು ಸೈನ್ ಆಕ್ಬುಟ್ಟು ಓಗಿ.” ಕಟ್ಟೆಚ್ಚರ ಎಂದರೆ ದೇಶಕ್ಕೆ ಏನು ಅರ್ಥವೋ ನನಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಅದರ ಅರ್ಥ ಅಪ್ಪನ ಬಿಳಿ ಅಂಗಿಗೆ ಇಸ್ತ್ರಿ, ಚೀಲಕ್ಕೆ ಇನ್ಹೇಲರ್, ಬಾಗಿಲಿಗೆ ಆಟೋ.

ಉಗ್ರರ ವಿಷಯದಲ್ಲಿ ಸರ್ಕಾರ ಏನೂ ಮಾಡುತ್ತಿಲ್ಲ ಎಂದು ಯಾರಾದರೂ ಬೈದರೆ ನಾನು ಒಪ್ಪುವುದಿಲ್ಲ. ಮಾಡುತ್ತಿದೆ. ಎಪ್ಪತ್ತೈದು ದಾಟಿದ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಒಬ್ಬ ಮುದುಕನ ಮೇಲೆ ಎರಡು ವರ್ಷ ಕಣ್ಣಿಟ್ಟು ಕಾದಿದೆ. ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ.

ಅಪ್ಪ ಚಿನ್ನದ ಗಣಿಯಲ್ಲಿ ಬ್ಲಾಸ್ಟರ್ ಆಗಿದ್ದ. ಕ್ಯಾಸಂಬಳ್ಳಿ ಕಡೆಯ ಹಳ್ಳಿಯಿಂದ ಬಂದು ನಂದಿದುರ್ಗದ ಲೈನಿನಲ್ಲಿ, ಅಂದರೆ ಗಣಿ ಕೆಲಸಗಾರರ ಸಾಲುಮನೆಗಳಲ್ಲಿ, ಒಂದು ಮನೆ ಹಿಡಿದು, ಮೂವತ್ತು ವರ್ಷ ಭೂಮಿಯೊಳಗೆ ಇಳಿದ. ಬಂಡೆಗೆ ಕೊರೆದ ತೂತುಗಳಲ್ಲಿ ಮದ್ದು ತುಂಬಿ, ಬತ್ತಿಗೆ ಬೆಂಕಿ ಕೊಟ್ಟು, ದೂರ ಬಂದು ಕೂತು ಸದ್ದು ಎಣಿಸುವುದು ಅವನ ಕೆಲಸ. ಹದಿನಾಲ್ಕು ತೂತಿಗೆ ಮದ್ದು ಇಟ್ಟಿದ್ದರೆ ಹದಿನಾಲ್ಕು ಸದ್ದು ಕೇಳಬೇಕು. ಹದಿಮೂರೇ ಕೇಳಿದರೆ ಒಂದು ಸಿಡಿಯದೆ ಒಳಗೆ ಉಳಿದಿದೆ ಎಂದು ಲೆಕ್ಕ, ಮೇಸ್ತ್ರಿ ಎಷ್ಟೇ ಕಿರುಚಲಿ, ಒಬ್ಬರನ್ನೂ ಆ ಕಡೆ ಬಿಡಬಾರದು. ಅಪ್ಪನ ಎಣಿಕೆ ತಪ್ಪಿ ಒಬ್ಬನೂ ಸಾಯಲಿಲ್ಲ. ಅದೊಂದೇ ಅವನ ಆಸ್ತಿ. ದೀಪಾವಳಿಯಲ್ಲಿ ಪಕ್ಕದ ಮನೆಯವರು ಸರಪಟಾಕಿ ಹಚ್ಚಿದರೆ ಅಪ್ಪ ಜಗಲಿಯಲ್ಲಿ ಕೂತು ಎಣಿಸಿ, “ಮೂರು ಠುಸ್ಸು. ಅಂಗಡಿಯೋನು ಮೋಸ ಮಾಡವ್ನೆ” ಎಂದು ಅವರ ಸಂಭ್ರಮದ ಮೇಲೆ ನೀರು ಹಾಕುತ್ತಿದ್ದ. ಗಣಿ ಮುಚ್ಚಿತು. ಗಣಿಯ ಧೂಳು ಮಾತ್ರ ಅವನ ಎದೆಯಲ್ಲೇ ಉಳಿಯಿತು. ಅಮ್ಮ ಹೋದ ಮೇಲೆ ಮನೆಯಲ್ಲಿ ನಾನು, ಅಪ್ಪ ಇಬ್ಬರೇ. ನಾನು ಬಂಗಾರಪೇಟೆಯ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುತ್ತೇನೆ.

ಎಲ್ಲ ಶುರುವಾದದ್ದು ಒಂದು ನೀಲಿ ಚೀಲದಿಂದ. ಅವತ್ತು ಅಪ್ಪನನ್ನು ಎದೆ ಡಾಕ್ಟರಿಗೆ ತೋರಿಸಲು ಬಂಗಾರಪೇಟೆಗೆ ಕರೆತಂದಿದ್ದೆ. ಹಿಂದಿನ ದಿನ ಉತ್ತರದಲ್ಲೆಲ್ಲೋ ಸ್ಫೋಟವಾಗಿ ಜನ ಸತ್ತಿದ್ದರು. ವಾಪಸು ಹೊರಡಲು ಆಟೋ ಹುಡುಕುತ್ತಾ ರೈಲ್ವೆ ಕಾಂಪೌಂಡಿನ ಪಕ್ಕಕ್ಕೆ ಬಂದರೆ ಅಲ್ಲಿ ಜನ ಸೇರಿದ್ದರು. ಗೋಡೆಯ ಮೂಲೆಯಲ್ಲಿ ಚೀಲ, ಚೀಲಕ್ಕೆ ಯಾರೂ ದಿಕ್ಕಿಲ್ಲ. ಇಬ್ಬರು ಅಧಿಕಾರಿಗಳು, ಇಬ್ಬರದೂ ಖಾಕಿಯೇ, ಆದರೆ ಬೇರೆ ಬೇರೆ ಖಾಕಿ, ಚೀಲ ಕೂತ ಜಾಗ ರೈಲ್ವೆಯದೋ ಊರಿನದೋ ಎಂದು ವಾದಕ್ಕೆ ನಿಂತಿದ್ದರು. ಒಬ್ಬರ ಪ್ರಕಾರ ಚೀಲದ ಬುಡ ರೈಲ್ವೆ ಕಲ್ಲಿನ ಮೇಲಿತ್ತು. ಇನ್ನೊಬ್ಬರ ಪ್ರಕಾರ ಅದರ ಹಿಡಿ ರಸ್ತೆಯ ಕಡೆ ವಾಲಿತ್ತು. ಅಣ್ಣತಮ್ಮಂದಿರು ಬದುವಿಗೆ ಹೊಡೆದಾಡುವುದನ್ನು ನೋಡಿದ್ದೇನೆ, ಆದರೆ ಅಲ್ಲಿ ಇಬ್ಬರಿಗೂ ಜಾಗ ಬೇಕಿರುತ್ತದೆ. ಇಲ್ಲಿ ಇಬ್ಬರಿಗೂ ಬೇಡವಾಗಿತ್ತು.

ಬಾಂಬು ಪತ್ತೆಯವರಿಗೆ ಫೋನು ಮಾಡಿದರೆ ಅವರು ಯಾರೋ ಮಂತ್ರಿಗಳು ಭಾಷಣ ಮಾಡುವ ವೇದಿಕೆಯನ್ನು ನಾಯಿಯಿಂದ ಮೂಸಿಸಲು ಹೋಗಿದ್ದರಂತೆ, ಬರುವುದಕ್ಕೆ ನಾಲ್ಕು ಗಂಟೆಯಾದರೂ ಬೇಕಂತೆ. ಅಲ್ಲಿಯವರೆಗೆ ಸಾರ್ವಜನಿಕರ ರಕ್ಷಣೆಗೆ ಒಂದು ಹಗ್ಗ ಕಟ್ಟಿದ್ದರು. ಹಗ್ಗ ಚೀಲದಿಂದ ಎಂಟು ಅಡಿ ದೂರ. ಸಾರ್ವಜನಿಕರು ಅದರ ಮೇಲೆ ಒರಗಿಕೊಂಡು ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದರು.

ಅಪ್ಪನಿಗೆ ಸುಮ್ಮನಿರಲು ಆಗಲಿಲ್ಲ. “ಅಷ್ಟತ್ರ ನಿಲ್ಸಿ ಅಗ್ಗ ಕಟ್ಟಿದ್ರೆ ಏನ್ ಬಂತು? ಒಳ್ಗೆ ಎಲ್ಡು ಜಿಲೆಟಿನ್ ಕಡ್ಡಿ ಇದ್ರೂ ಮುಂದಿನ ಸಾಲು ಉಳಿಯಾಕಿಲ್ಲ” ಎಂದ, ಎಲ್ಲರಿಗೂ ಕೇಳುವ ಹಾಗೆ.

“ನಿಮಗೆ ಹೇಗೆ ಗೊತ್ತು ಯಜಮಾನ್ರೇ?” ಎಂದು ಒಬ್ಬ ಅಧಿಕಾರಿ ತಿರುಗಿದರು.

ನಮ್ಮ ಕಡೆ ಗಣಿಯಿಂದ ನಿವೃತ್ತರಾದವರನ್ನು ನೀವು ಯಾರು ಎಂದು ಕೇಳಿ ನೋಡಿ. ಮೊದಲು ಕೆಲಸ ಹೇಳುತ್ತಾರೆ, ಹೆಸರು ಆಮೇಲೆ. ಅಪ್ಪ ಬೆನ್ನು ನೆಟ್ಟಗೆ ಮಾಡಿ, “ಬ್ಲಾಸ್ಟರ್ ಸಾರ್. ಮೂವತ್ತು ವರ್ಷ ಮದ್ದು ಇಟ್ಟೋನು” ಎಂದ. ಅಲ್ಲಿಗೆ ಸಿಕ್ಕಿಬಿದ್ದ.

ಇಬ್ಬರೂ ಅಧಿಕಾರಿಗಳು ಮುಖ ಮುಖ ನೋಡಿಕೊಂಡರು. ಅರ್ಧ ಗಂಟೆ ಬಗೆಹರಿಯದ ಗಡಿ ವಿವಾದ ಆ ಕ್ಷಣಕ್ಕೆ ಮುಗಿಯಿತು. ಸ್ವಲ್ಪ ನೋಡ್ತೀರಾ ಎಂದು ಇಬ್ಬರೂ ಒಟ್ಟಿಗೇ ಕೇಳಿದರು. ನಾನು ಅಪ್ಪನ ತೋಳು ಹಿಡಿದು, “ಬ್ಯಾಡ ಬಾ ಅಪ್ಪ, ಇವರ ಕೆಲ್ಸಕ್ಕೆ ಇವರಿಗೆ ಸಂಬಳ ಕೊಡ್ತಾರೆ” ಎಂದೆ. “ಸುಮ್ಕಿರಮ್ಮ. ಜನ ನಿಂತವ್ರೆ” ಎಂದು ಕೈ ಬಿಡಿಸಿಕೊಂಡ.

ಮೊದಲು ಅವನು ಮಾಡಿದ್ದು ಜನರನ್ನು ಓಡಿಸುವ ಕೆಲಸ. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬೈದು ಎಲ್ಲರನ್ನೂ ರಸ್ತೆಯಾಚೆಯ ಗೋಡೆಯ ಹಿಂದಕ್ಕೆ ಅಟ್ಟಿದ, ಅಧಿಕಾರಿಗಳು ಹೇಳಿಸಿಕೊಳ್ಳದೆಯೇ ಹೋದರು. ಆಮೇಲೆ ಚೀಲದ ಪಕ್ಕ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ಮುಟ್ಟದೆ ನೋಡಿದ. ನಾನು ಗೋಡೆಯ ಹಿಂದೆ ನಿಂತು ಅವನ ಕೆಮ್ಮು ಕೇಳುತ್ತಿದ್ದೆ. ಕೊನೆಗೆ ಒಂದು ಹೊಂಗೆ ಕಡ್ಡಿಯಿಂದ ಜಿಪ್ಪು ಎಳೆದು, “ಕುಕ್ಕರ್ ಐತೆ ಸಾರ್” ಎಂದು ಕೂಗಿದ. ಕುಕ್ಕರ್ ಎಂದ ಕೂಡಲೇ ಅಧಿಕಾರಿಗಳು ಇನ್ನೊಂದು ಗೋಡೆಯ ಹಿಂದಕ್ಕೆ ಹೋದರು. ಅಪ್ಪ ಮುಚ್ಚಳ ತೆಗೆದ. ಒಳಗೆ ಕಜ್ಜಾಯ.

ಅಷ್ಟರಲ್ಲಿ ಕಾಮಸಮುದ್ರದ ಕಡೆಯ ಹೆಂಗಸೊಬ್ಬಳು ಹೂವು ಕೊಂಡುಕೊಂಡು ವಾಪಸು ಬಂದಳು. ಭಾರವೆಂದು ಚೀಲ ಅಲ್ಲೇ ಇಟ್ಟು ಹೋಗಿದ್ದಳಂತೆ. “ಯಾವನ್ಲಾ ನನ್ ಕುಕ್ಕರ್ ಬಿಚ್ಚಿದ್ದು” ಎಂದು ಇಡೀ ಬೀದಿಯನ್ನು ತರಾಟೆಗೆ ತೆಗೆದುಕೊಂಡು, ವಿಷಯ ತಿಳಿದ ಮೇಲೆ ಅಪ್ಪನ ಕೈಗೆ ಎರಡು ಕಜ್ಜಾಯ ಕೊಟ್ಟಳು. ಆ ದಿನ ಅಪ್ಪನಿಗೆ ಸಿಕ್ಕ ಗೌರವ ಅಷ್ಟೇ. ಅಧಿಕಾರಿಯೊಬ್ಬರು ಪ್ರಶಂಸಾ ಪತ್ರ ಕಳಿಸುತ್ತೇವೆ ಎಂದು ಹೆಸರು, ವಿಳಾಸ, ಫೋನ್ ನಂಬರು, ಹಿಂದಿನ ಕೆಲಸ ಎಲ್ಲ ಬರೆದುಕೊಂಡರು. ಅಪ್ಪ ಮನೆಗೆ ಬಂದವನೇ ಗೋಡೆಯ ಕ್ಯಾಲೆಂಡರನ್ನು ಪಕ್ಕಕ್ಕೆ ಸರಿಸಿ ಒಂದು ಮೊಳೆ ಹೊಡೆದ. ಪತ್ರಕ್ಕೆ ಫ್ರೇಮು ಹಾಕಿಸುವ ಯೋಚನೆ.

ಪತ್ರ ಬರಲಿಲ್ಲ, ಫೋನು ಬಂತು. ಮತ್ತೆಲ್ಲೋ ಸ್ಫೋಟ, ಮತ್ತೆ ಕಟ್ಟೆಚ್ಚರ. ಸ್ಟೇಷನ್ನಿಗೆ ಹೋದರೆ ಮೇಜಿನ ಮೇಲೆ ಒಂದು ಪುಸ್ತಕ, ಅದರ ಒಂದು ಪುಟದ ತಲೆಯಲ್ಲಿ ‘ಸ್ಫೋಟಕಗಳ ಬಗ್ಗೆ ತಿಳಿವಳಿಕೆ ಉಳ್ಳ ವ್ಯಕ್ತಿಗಳು’ ಎಂದು ಬರೆದಿತ್ತು. ಹಳೇ ಬ್ಲಾಸ್ಟರುಗಳು ನಮ್ಮಲ್ಲಿ ಲೈನಿಗೊಬ್ಬರು ಸಿಗುತ್ತಾರೆ. ಪುಟದಲ್ಲಿ ಇದ್ದದ್ದು ಅಪ್ಪನ ಹೆಸರೊಂದೇ. ಉಳಿದವರು ಪೊಲೀಸರ ಪರವಾಗಿ ಚೀಲ ಬಿಚ್ಚಿರಲಿಲ್ಲ. ಯಾವ ಸ್ಟೇಷನ್ನು ಎಂದು ನಾನು ಹೇಳುವುದಿಲ್ಲ, ಹೇಳಿದರೆ ಆ ಪುಟದಲ್ಲಿ ಎರಡನೇ ಹೆಸರು ನನ್ನದಾಗುತ್ತದೆ.

ಮೊದಲ ಸಲ ಅಪ್ಪ ಹೆಮ್ಮೆಯಿಂದಲೇ ಸಹಿ ಹಾಕಿದ. ತನ್ನ ಸಲಹೆ ಕೇಳುತ್ತಾರೆಂದು ಅಂದುಕೊಂಡಿದ್ದ. ಅವರು ಕೇಳಿದ್ದು ನಿನ್ನೆ ಎಲ್ಲಿದ್ರಿ, ಮೊನ್ನೆ ಎಲ್ಲಿದ್ರಿ ಎಂದು. “ಮನೇಲಿದ್ದೆ ಸಾರ್” ಎಂದ. “ಸಾಕ್ಷಿ?” ಎಂದರು. ಅಪ್ಪ ನನ್ನ ಕಡೆ ತೋರಿಸಿದ. ನಾನು ಎರಡು ಸಾವಿರ ಕಿಲೋಮೀಟರು ದೂರದ ಸ್ಫೋಟಕ್ಕೆ ನನ್ನಪ್ಪ ಕಾರಣನಲ್ಲ ಎಂದು ಬರೆದು ಸಹಿ ಹಾಕಿದೆ. ಇನ್ನೂ ಎರಡು ಸಲ ಹೀಗೇ ಆಯಿತು. ಮೂರನೆಯ ಸಲ ಇನ್‌ಸ್ಪೆಕ್ಟರನ್ನೇ ಕೇಳಿದೆ. “ಸಾರ್, ನಮ್ಮಪ್ಪನ ಹಳ್ಳಿಯ ಆಚೆ ಕಲ್ಲು ಕ್ವಾರಿಯಲ್ಲಿ ತಗಡಿನ ಶೆಡ್ಡು ಇದೆ, ಅದರ ತುಂಬ ಜಿಲೆಟಿನ್ ಕಡ್ಡಿ, ಕಾವಲಿಗೆ ಒಂದು ಮುದಿ ನಾಯಿ. ಅದನ್ನ ಯಾರಾದರೂ ನೋಡಬಾರದಾ?” ಅವರು ಬೇಸರವಿಲ್ಲದೆ ಹೇಳಿದರು. “ಅದು ಬೇರೆ ಇಲಾಖೆ ಮೇಡಂ.”

ನನಗೆ ಸಿಟ್ಟು ಬರುವುದು ಬರೀ ಅಪ್ಪನ ವಿಷಯಕ್ಕಲ್ಲ. ಪ್ರತಿ ಸಲ ಟೀವಿಯಲ್ಲಿ ಸತ್ತವರ ಚಪ್ಪಲಿಗಳನ್ನು ತೋರಿಸುತ್ತಾರೆ. ಅಪ್ಪ ಅದನ್ನು ನೋಡಿ ತಟ್ಟೆ ಪಕ್ಕಕ್ಕಿಟ್ಟು ಕೈ ತೊಳೆದುಬಿಡುತ್ತಾನೆ. ದೊಡ್ಡವರು ಬಂದು ಕಟುವಾಗಿ ಖಂಡಿಸುತ್ತಾರೆ, ಯಾರನ್ನೂ ಬಿಡುವುದಿಲ್ಲ ಎನ್ನುತ್ತಾರೆ, ಮೈಕು ಇನ್ನೊಬ್ಬರಿಗೆ ದಾಟಿಸುತ್ತಾರೆ. ಹೇಗಾಯಿತು, ಯಾರು ಮಲಗಿದ್ದರು, ಯಾವ ಬಾಗಿಲು ತೆರೆದಿತ್ತು ಎಂದು ಕೇಳಿದರೆ ಕೇಳಿದವರೇ ದೇಶದ್ರೋಹಿಗಳು. ಗಣಿಯಲ್ಲಿ ಒಂದು ಸದ್ದು ಕಡಿಮೆಯಾದರೆ ಇಡೀ ಪಾಳಿ ನಿಲ್ಲಿಸಿ ಹುಡುಕುತ್ತಿದ್ದರು. ಇಲ್ಲಿ ಜನ ಸತ್ತರೂ ಎಲ್ಲಿ ತಪ್ಪಿತು ಎಂದು ಎಣಿಸುವವರಿಲ್ಲ, ಪುಸ್ತಕಕ್ಕೆ ಸಹಿ ಬಿದ್ದರೆ ಸಾಕು.

ಐದನೆಯ ಸಲ ಕರೆದಾಗ ಅಪ್ಪನಿಗೆ ಮೈ ಸರಿಯಿರಲಿಲ್ಲ. ಬರಲಾಗುವುದಿಲ್ಲ ಎಂದು ನಾನು ಫೋನಿನಲ್ಲಿ ಹೇಳಿದರೆ, “ಬರದೆ ಇದ್ರೆ ತಲೆಮರೆಸ್ಕೊಂಡವ್ರೆ ಅಂತ ಬರೀಬೇಕಾಗುತ್ತೆ ಮೇಡಂ” ಎಂದ ಪೇದೆ. ಹೋದೆವು. ಇನ್‌ಸ್ಪೆಕ್ಟರು ಬಂದೋಬಸ್ತಿಗೆ ಹೋಗಿದ್ದರು, ಅವರಿಲ್ಲದೆ ಪುಸ್ತಕ ತೆಗೆಯುವ ಹಾಗಿಲ್ಲ. ಮೂರು ಗಂಟೆ ಬೆಂಚಿನ ಮೇಲೆ ಕೂತೆವು. ಅಪ್ಪನ ತುಟಿ ನೀಲಿಯಾಗತೊಡಗಿತು. ಅಂಗಡಿಯಿಂದ ತಂದಿದ್ದ ಕ್ಲಿಪ್ಪನ್ನು ಬೆರಳಿಗೆ ಹಾಕಿ ನೋಡಿದರೆ, ತೊಂಬತ್ತೈದರ ಮೇಲಿರಬೇಕಾದ ಆಕ್ಸಿಜನ್ ಎಂಬತ್ತನಾಲ್ಕು. ಅಲ್ಲಿಂದ ನೇರ ಆಸ್ಪತ್ರೆಗೆ ಒಯ್ದೆ, ಆರು ದಿನ ಅಲ್ಲೇ ಇದ್ದ. ಇನ್ನೊಂದು ಸಲ ಹೀಗೆ ಅಲೆದಾಡಿಸಿದರೆ ನನ್ನ ಹತ್ತಿರ ತರಬೇಡಿ, ತಂದು ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿದರು.

ಹೆಸರು ತೆಗೆಯಿರಿ ಎಂದು ನಾಲ್ಕು ಅರ್ಜಿ ಕೊಟ್ಟೆ. ಡಾಕ್ಟರ ಚೀಟಿ, ಎಕ್ಸ್‌ರೇ, ಗಣಿಯ ಸರ್ವಿಸ್ ಪುಸ್ತಕ, ಎಲ್ಲದರ ಜೆರಾಕ್ಸ್ ಲಗತ್ತಿಸಿದೆ. ಹೆಸರು ಸೇರಿಸುವ ಅಧಿಕಾರ ನಮಗಿದೆ, ತೆಗೆಯುವ ಅಧಿಕಾರ ಮೇಲಿನವರಿಗೆ ಎಂದರು. ಮೇಲಿನವರ ಹತ್ತಿರ ಹೋದರೆ ಸೇರಿಸಿದವರೇ ತೆಗೆಯಬೇಕು ಎಂದರು. ಕೊನೆಗೆ ದಾರಿ ತೋರಿಸಿದವನು ಸ್ಟೇಷನ್ನಿನ ರೈಟರು, ಅಂದರೆ ಅಲ್ಲಿನ ಕಾಗದಪತ್ರ ನೋಡಿಕೊಳ್ಳುವ ಪೊಲೀಸು. ಕೆಟ್ಟವನಲ್ಲ. ಸುತ್ತಮುತ್ತ ನೋಡಿ ಮೆಲ್ಲಗೆ ಹೇಳಿದ. “ಮದ್ದು ಗೊತ್ತು ಅಂತ ತಾನೇ ಎಸ್ರು ಇರೋದು. ಗೊತ್ತಿಲ್ಲ ಅಂತ ಬರ್ಕೊಡಿ ಮೇಡಂ. ಲ್ಯಾಂಪ್ ರೂಮಲ್ಲಿ ಇದ್ದೆ, ದೀಪ ಒರೆಸ್ತಿದ್ದೆ ಅಂತ. ಇಲ್ಲೇ ಮುಗಿಸ್ಬುಡ್ತೀನಿ.” ಲ್ಯಾಂಪ್ ರೂಮೆಂದರೆ ಗಣಿಗೆ ಇಳಿಯುವವರ ತಲೆದೀಪಗಳನ್ನು ಇಡುವ, ನೆಲದ ಮೇಲಿನ ಕೋಣೆ.

“ಸರ್ವಿಸ್ ಪುಸ್ತಕದಲ್ಲಿ ಬ್ಲಾಸ್ಟರ್ ಅಂತ ಇದೆಯಲ್ಲ?”

“ಅದನ್ನ ಯಾರು ಓದ್ತಾರೆ.”

ಅದೇ ದಿನ ಅಂಗಡಿಯ ಕೌಂಟರಿನ ಮೇಲೆ ಬಿಳಿ ಹಾಳೆ ಇಟ್ಟುಕೊಂಡು ನಾನೇ ಬರೆದೆ. ನಾಲ್ಕು ಸಾಲು. ನಿಜ ಹೇಳುವ ಅರ್ಜಿಗಳು ಎಂಟು ಎಂಟು ಪುಟ ಇದ್ದವು. ನಿಜವಾದ ಉಗ್ರನೊಬ್ಬ ಆ ಪುಸ್ತಕದಲ್ಲಿ ಸಿಕ್ಕಿದ್ದರೂ ಇದೇ ನಾಲ್ಕು ಸಾಲಿನಲ್ಲಿ ಮಧ್ಯಾಹ್ನದ ಊಟದೊಳಗೆ ಆಚೆ ಬರುತ್ತಿದ್ದ ಎಂದುಕೊಂಡು ನಕ್ಕೆ. ಸಂಜೆ ಅಪ್ಪನಿಗೆ ಓದಿ ಹೇಳುವಾಗ ನಗು ಬರಲಿಲ್ಲ. ಅವನು ಹಾಳೆ ತೆಗೆದುಕೊಂಡು ಕನ್ನಡಕ ಹಾಕಿ ತಾನೇ ಇನ್ನೊಂದು ಸಲ ಓದಿದ. “ಲ್ಯಾಂಪ್ ರೂಮೋರು ಕೆಳೀಕೆ ಇಳೀತಾನೇ ಇರ್ಲಿಲ್ಲ” ಎಂದ. ಗೊತ್ತು ಅಪ್ಪ ಎಂದೆ. ಬೇಡ ಎನ್ನಲಿ ಎಂದು ಒಂದು ಮನಸ್ಸು, ಬೇಡ ಎಂದುಬಿಟ್ಟರೆ ಏನು ಗತಿ ಎಂದು ಇನ್ನೊಂದು. ಅವನು ಹಾಳೆಯನ್ನು ನಾಲ್ಕಾಗಿ ಮಡಿಸಿ ಬಿಳಿ ಅಂಗಿಯ ಜೇಬಿಗೆ ಇಟ್ಟ.

ಮಾರನೆಯ ದಿನ ರೈಟರು ಹಾಳೆಯನ್ನು ಮುಂದಿಟ್ಟುಕೊಂಡು, ಕೇಳಲೇಬೇಕಾದ ಪ್ರಶ್ನೆಗಳನ್ನು ತಲೆ ಎತ್ತದೆ ಕೇಳಿದ. ಗಣಿಯಲ್ಲಿ ಏನು ಕೆಲಸ? ಅಪ್ಪ ಬೆನ್ನು ನೆಟ್ಟಗೆ ಮಾಡಿ ಬಾಯಿ ತೆರೆದ. ಮೂವತ್ತು ವರ್ಷದ ಉತ್ತರ ನಾಲಿಗೆಯ ತುದಿಯಲ್ಲಿದ್ದದ್ದು ನನಗೆ ಕಾಣುತ್ತಿತ್ತು. ಆಮೇಲೆ ನನ್ನ ಮುಖ ನೋಡಿದ. ನಾನು ತಲೆ ಆಡಿಸಿದೆ.

“ಲ್ಯಾಂಪ್ ರೂಮು ಸಾರ್. ದೀಪ ಒರೆಸ್ತಿದ್ದೆ.”

“ಮದ್ದಿನ ಬಗ್ಗೆ ಏನಾದ್ರೂ ಗೊತ್ತಾ?”

“ಏನೂ ಗೊತ್ತಿಲ್ಲ ಸಾರ್.”

ರೈಟರು ಇನ್‌ಸ್ಪೆಕ್ಟರ ಕೋಣೆಯಿಂದ ಪುಸ್ತಕ ತಂದು ಅಡ್ಡಪಟ್ಟಿ ಇಟ್ಟು ಹೆಸರಿನ ಮೇಲೆ ಒಂದು ಗೆರೆ ಎಳೆದ. ಅಪ್ಪ ಅದರ ಪಕ್ಕದಲ್ಲಿ ಕೊನೆಯ ಸಹಿ ಹಾಕಿದ. ನಾನು ಗೆದ್ದಿದ್ದೆ, ಸಂತೋಷವಾಗಬೇಕಿತ್ತು, ನನಗೆ ನಾಚಿಕೆಯಾಯಿತು. ಆಟೋದಲ್ಲಿ ಕೂತ ಮೇಲೆ ತಡೆಯಲಾರದೆ, ಬೇಜಾರಾಯ್ತಾ ಅಪ್ಪ ಎಂದು ಕೇಳಿದೆ.

ಅವನು ಇನ್ಹೇಲರನ್ನು ಒಂದು ಸಲ ಎಳೆದುಕೊಂಡು, ಉಸಿರು ಹತೋಟಿಗೆ ಬರುವವರೆಗೆ ಕಾದ.

“ಉಸ್ರಾಡಬೇಕಲ್ಲಮ್ಮ” ಎಂದ.